ಇರುವೆಯ ಕಾವಲು, ಕೀಟದ ಉಪಾಯ: ಕರಾವಳಿಯ ಗೇರುಮರವನ್ನು ಕುರಿತ ಒಂದು ಚಾರಿತ್ರಿಕ ಪರಿಶೀಲನೆ

ಪೀಠಿಕೆ

ಮಂಗಳೂರು ನಗರದ ಪೂರ್ವಭಾಗದಲ್ಲಿರುವ ಶಕ್ತಿನಗರವು ಮುರಕಲ್ಲಿನ ಎತ್ತರದ ನೆಲದಲ್ಲಿ ಬೆಳೆದ ಬಡಾವಣೆ. ಆ ನೆಲದ ಹಿಂದಿನ ರೂಪವು ಸುತ್ತಲಿನ ಪದವು, ನಾಲ್ಯಪದವು, ಪದವಿನಂಗಡಿ ಮೊದಲಾದ ಸ್ಥಳನಾಮಗಳಲ್ಲಿ ಉಳಿದುಬಂದಿದೆ. ಕರಾವಳಿಯ ಆಡುಮಾತಿನಲ್ಲಿ ‘ಪದವು’ ಎಂದರೆ ಗುಡ್ಡದ ನೆತ್ತಿಯ ಸಮತಟ್ಟಾದ, ಮಣ್ಣಿನ ಪದರ ತೆಳುವಾದ ಬಯಲು. ಭತ್ತದ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ನೀರಿನ ಆಸರೆಗೆ ತಕ್ಕಂತೆ ವಿಂಗಡಿಸಿದ ರೈತನ ಲೆಕ್ಕದಲ್ಲಿ ಪದವು ಕೃಷಿಯ ಹೊರಗಿನದು. ದನ ಮೇಯುವ, ಹುಲ್ಲು ಕೊಯ್ಯುವ ಜಾಗ. ಇಂಥ ನೆಲದಲ್ಲಿ ನೀರು ಬೇಡದೆ ಬೇರೂರಿ ಫಲ ಕೊಟ್ಟ ಮರವೇ ಗೇರು.

ಗೇರುಮರದ ಹಸಿರೆಲೆಗಳನ್ನು ಸೇರಿಸಿ ಹೆಣೆದು ಗೂಡು ಕಟ್ಟುವ ಕೆಂಪಿರುವೆಯನ್ನು ಕರಾವಳಿಯಲ್ಲಿ ಕಾಣದವರಿಲ್ಲ. ಬೀಜ ಕೊಯ್ಯುವವರಿಗೂ ಮಾವಿನ ಮರ ಹತ್ತುವವರಿಗೂ ಅದು ಕಾಟ. ಮರಕ್ಕಾದರೋ ಅದು ಕಾವಲು. ಆದರೆ ಕಾವಲಿದ್ದೂ ಮರವನ್ನು ತಿಂದು ಬದುಕುವ ಕೀಟಗಳಿವೆ. ಅವು ಇರುವೆಯ ಕಾವಲನ್ನು ಹೇಗೆ ನಿಭಾಯಿಸುತ್ತವೆ, ಈ ಉಪಾಯಗಳ ಅರಿವು ಗೇರುಕೃಷಿಯ ಚರಿತ್ರೆಯಲ್ಲಿ ಯಾವ ಸ್ಥಾನ ಪಡೆಯಿತು ಮತ್ತು ಅದನ್ನು ಬದಿಗೊತ್ತಿದಾಗ ಸಂಭವಿಸಿದ್ದೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಹೆಸರುಗಳಲ್ಲಿ ಅಡಗಿದ ಅರಿವು

ಜನಪದರು ಒಂದು ಜೀವಿಗೆ ಇಟ್ಟ ಹೆಸರು ಆ ಜೀವಿಯ ಯಾವ ಗುಣ ಅವರ ಬದುಕನ್ನು ತಟ್ಟಿತೆಂಬುದಕ್ಕೆ ಸಾಕ್ಷಿ. ತುಳುವಿನಲ್ಲಿ ಇರುವೆಗೆ ಸಾಮಾನ್ಯವಾಗಿ ‘ಪಿಜಿನ್’ ಎಂಬ ಪದವಿದೆ. ಮರದಲ್ಲಿ ಗೂಡು ಕಟ್ಟುವ ಕೆಂಪಿರುವೆಯು ಕನ್ನಡದಲ್ಲಿ ‘ಕೆಂಜಿಗ’ ಎನಿಸಿಕೊಂಡದ್ದು ಬಣ್ಣದಿಂದ. ಮಲೆನಾಡಿನವರ ‘ಚಗಳಿ’ಯು ಅಡುಗೆಮನೆಯನ್ನೂ ಹೊಕ್ಕಿದೆ, ಚಗಳಿ ಚಟ್ನಿ ಅಲ್ಲಿನ ಪರಿಚಿತ ವ್ಯಂಜನ. ಕಾಸರಗೋಡಿನ ಕನ್ನಡಿಗರ ನೆರೆಯ ಮಲೆಯಾಳದಲ್ಲಿ ಅದೇ ಇರುವೆ ‘ಪುಳಿಯುರುಂಬು’, ಅಂದರೆ ಹುಳಿಯಿರುವೆ. ಕಚ್ಚಿದ ಗಾಯಕ್ಕೆ ಅದು ಚಿಮ್ಮಿಸುವ ಫಾರ್ಮಿಕ್ ಆಮ್ಲವೇ ಈ ಹುಳಿಗೆ ಮೂಲ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಆದಿವಾಸಿಗಳು ಇದೇ ಇರುವೆಯಿಂದ ಮಾಡುವ ಸಿಮಿಲಿಪಾಲ್ ಕಾಯಿ ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು.

ಡ್ಯಾನಿಶ್ ವಿದ್ವಾಂಸ ಫ್ಯಾಬ್ರೀಷಿಯಸ್ 1775ರಲ್ಲಿ ಈ ಇರುವೆಯನ್ನು ವೈಜ್ಞಾನಿಕವಾಗಿ ವಿವರಿಸಿದನು. ಇಂದು ಅದರ ಹೆಸರು ಈಕೋಫಿಲ್ಲಾ ಸ್ಮರಾಗ್ಡಿನಾ. ಪಾಶ್ಚಾತ್ಯರು ಅದನ್ನು ‘ನೇಕಾರ ಇರುವೆ’ ಎಂದು ಕರೆದದ್ದು ಅದರ ಕೆಲಸವನ್ನು ನೋಡಿ. ಕೆಲಸಗಾರ ಇರುವೆಗಳು ಎಲೆಗಳ ಅಂಚನ್ನು ಹತ್ತಿರಕ್ಕೆಳೆದು ಹಿಡಿಯುತ್ತವೆ; ಉಳಿದವು ತಮ್ಮ ಮರಿಗಳನ್ನೇ ಬಾಯಲ್ಲಿ ಕಚ್ಚಿಕೊಂಡು, ಅವು ಸ್ರವಿಸುವ ರೇಷ್ಮೆಯಿಂದ ಎಲೆಗಳನ್ನು ಬೆಸೆಯುತ್ತವೆ. ಬಣ್ಣ, ರುಚಿ, ನೇಯ್ಗೆ ಈ ಮೂರೂ ಹೆಸರಿಗೆ ಬಂದಿವೆ. ಕಾವಲುಗಾರನೆಂಬ ಗುಣ ಮಾತ್ರ ಇಲ್ಲಿ ನೋಡಿದ ಯಾವ ಹೆಸರಿಗೂ ಬಂದಿಲ್ಲವೆಂಬುದು ಗಮನಾರ್ಹ.

ಕಾವಲುಗಾರನೆಂದು ಅದನ್ನು ಗುರುತಿಸಿ ಬಳಸಿಕೊಂಡ ಪ್ರಾಚೀನ ದಾಖಲೆ ಚೀನಾದ್ದು. ಕ್ರಿ.ಶ. 304ರದೆಂದು ಹೇಳಲಾಗುವ, ಜಿ ಹಾನ್‌ನ ಹೆಸರಿನಲ್ಲಿರುವ ದಕ್ಷಿಣ ಪ್ರದೇಶದ ಸಸ್ಯಗಳನ್ನು ಕುರಿತ ಗ್ರಂಥದಲ್ಲಿ, ಕಿತ್ತಳೆ ಜಾತಿಯ ಮರಗಳನ್ನು ಕೀಟಗಳಿಂದ ಉಳಿಸಲು ಇರುವೆಗೂಡುಗಳನ್ನು ಸಂತೆಯಲ್ಲಿ ಮಾರುತ್ತಿದ್ದ ಸಂಗತಿ ಬರುತ್ತದೆ. ಕೀಟದಿಂದಲೇ ಕೀಟವನ್ನು ತಡೆಯುವ ಪದ್ಧತಿಯ ಅತ್ಯಂತ ಹಳೆಯ ಉಲ್ಲೇಖವೆಂದು ಇದು ಪ್ರಸಿದ್ಧವಾಗಿದೆ.

ಪರದೇಶದ ಮರ, ಸ್ವದೇಶದ ಕಾವಲು

ಗೇರು ಈ ನೆಲದ ಮರವಲ್ಲ. ಅದರ ತವರು ಬ್ರೆಜಿಲ್. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಭಾರತದ ಪಶ್ಚಿಮ ಕರಾವಳಿಗೆ ತಂದರು. ಮಲೆಯಾಳದ ‘ಪರಂಗಿಮಾವು’ ಎಂಬ ಹೆಸರಿನಲ್ಲಿ ಪರಂಗಿಯವರ ನೆನಪು ಇಂದಿಗೂ ಇದೆ. ಹೀಗೆ ಬಂದ ಮರ ತನ್ನ ತವರಿನ ಇರುವೆಗಳನ್ನು ಕರೆತರಲಿಲ್ಲ. ಆದರೆ ಇರುವೆಗಳನ್ನು ಕರೆಯುವ ಸಾಧನವನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡಿತ್ತು.

ಹೂವಿನ ಒಳಗಣ ಮಕರಂದ ಪರಾಗಸ್ಪರ್ಶ ಮಾಡುವ ಕೀಟಗಳಿಗೆ ಮೀಸಲು. ಕೆಲವು ಸಸ್ಯಗಳಲ್ಲಿ ಹೂವಿನ ಹೊರಗೂ, ಅಂದರೆ ಎಲೆ, ಕಾಂಡ, ಕಾಯಿಗಳ ಮೇಲೂ ಸಿಹಿ ಒಸರುವ ಗ್ರಂಥಿಗಳಿರುತ್ತವೆ. ಇದು ಇರುವೆಗಳಿಗೆ ಸಸ್ಯ ಕೊಡುವ ಕೂಲಿ. ಇರುವೆ ಸಿಹಿಗಾಗಿ ಓಡಾಡುತ್ತ, ಎದುರಾದ ಪರಕೀಟವನ್ನು ಹಿಡಿಯುತ್ತದೆ ಅಥವಾ ಓಡಿಸುತ್ತದೆ. ಮಧ್ಯ ಅಮೆರಿಕದ ಜಾಲಿಮರಗಳಲ್ಲಿ ಈ ಸಂಬಂಧವನ್ನು ತಾಮಸ್ ಬೆಲ್ಟ್ 1874ರಲ್ಲಿ ಪ್ರಕಟವಾದ ತನ್ನ ನಿಕರಾಗುವಾ ಕುರಿತ ಪುಸ್ತಕದಲ್ಲಿ ವಿವರಿಸಿದನು; 1960ರ ದಶಕದಲ್ಲಿ ಡೇನಿಯಲ್ ಜಾನ್ಜೆನ್ ಪ್ರಯೋಗಗಳಿಂದ ಅದನ್ನು ದೃಢಪಡಿಸಿದರು. ಗೇರಿನ ಎಲೆ, ಹೂಗೊಂಚಲು, ಎಳೆಗಾಯಿಗಳಲ್ಲಿರುವ ಇಂಥ ಗ್ರಂಥಿಗಳನ್ನು ಫ್ರೆಡ್ ರಿಕ್ಸನ್ ಮತ್ತು ಮೆಲಿಂಡಾ ರಿಕ್ಸನ್ 1998ರಲ್ಲಿ ವಿವರವಾಗಿ ದಾಖಲಿಸಿದರು. ಚಿಗುರು, ಹೂ, ಕಾಯಿ ಎಂಬ ಮೃದುವಾದ ಹಂತಗಳಲ್ಲೆಲ್ಲ ಸಿಹಿ ದೊರೆಯುವುದರಿಂದ ಇರುವೆಗಳ ಓಡಾಟ ಅಪಾಯವಿರುವ ಕಡೆಗೇ ಒಲಿಯುತ್ತದೆ. ಪರದೇಶದ ಮರವೊಂದು ಕರಾವಳಿಯ ಇರುವೆಗಳನ್ನು ಕೂಲಿ ಕೊಟ್ಟು ಕಾವಲಿಗೆ ನಿಲ್ಲಿಸಿಕೊಂಡದ್ದು ಹೀಗೆ.

ಒಂದೇ ಮರದಲ್ಲಿ ಹಲವು ಉಪಾಯ

ಹಾಗಿದ್ದರೂ ಗೇರನ್ನು ಬಾಧಿಸುವ ಕೀಟಗಳು ಹಲವಿವೆ. ಅವುಗಳ ಜೀವನಕ್ರಮವನ್ನು ಇರುವೆಯ ದೃಷ್ಟಿಯಿಂದ ನೋಡಿದರೆ, ಕಾವಲನ್ನು ದಾಟುವ ಉಪಾಯಗಳು ಸ್ಥೂಲವಾಗಿ ನಾಲ್ಕು ಬಗೆಯವೆಂದು ತಿಳಿಯುತ್ತದೆ.

ಮೊದಲನೆಯದು ಅಡಗುವಿಕೆ. ಕಾಂಡ ಮತ್ತು ಬೇರುಕೊರಕದ ಹುಳು ತೊಗಟೆಯ ಒಳಗೆ ಸುರಂಗ ಮಾಡಿಕೊಂಡು ಬೆಳೆಯುತ್ತದೆ. ಎಲೆ ಸುರಂಗ ಕೀಟದ ಮರಿಯು ಎಳೆಯೆಲೆಯ ಎರಡು ಪದರಗಳ ನಡುವೆ ಉಳಿದು ತಿನ್ನುತ್ತದೆ. ಎಲೆ ಮತ್ತು ಹೂ ಹೆಣೆಯುವ ಹುಳುವು ತಾನು ತಿನ್ನುವ ಚಿಗುರನ್ನೇ ನೂಲಿನಿಂದ ಬಿಗಿದು ಮನೆ ಮಾಡಿಕೊಳ್ಳುತ್ತದೆ. ಮರದ ಮೇಲ್ಮೈಯಲ್ಲಿ ಪಹರೆ ತಿರುಗುವ ಇರುವೆಗೆ ಇವು ಸುಲಭವಾಗಿ ಸಿಗುವುದಿಲ್ಲ.

ಎರಡನೆಯದು ಕಪ್ಪಕಾಣಿಕೆ. ಹಿಟ್ಟುತಿಗಣೆ, ಸಸ್ಯಹೇನುಗಳು ರಸ ಹೀರಿ, ಹೆಚ್ಚಾದ ಸಕ್ಕರೆಯನ್ನು ಸಿಹಿದ್ರವವಾಗಿ ಹೊರಹಾಕುತ್ತವೆ. ಇರುವೆಗಳು ಅದನ್ನು ನೆಕ್ಕುತ್ತವೆ; ಅಷ್ಟೇ ಅಲ್ಲ, ಈ ರಸಹೀರುಕಗಳನ್ನು ಅವುಗಳ ವೈರಿಗಳಿಂದ ಕಾಯುತ್ತವೆ. ಮರ ಕೊಡುವ ಕೂಲಿಗೆ ಪ್ರತಿಯಾಗಿ ಕೀಟವೂ ಕೂಲಿ ಕೊಟ್ಟಾಗ ಕಾವಲುಗಾರನ ನಿಷ್ಠೆ ಹಂಚಿಹೋಗುತ್ತದೆ.

ಮೂರನೆಯದು ವೇಷ. ಇದಕ್ಕೆ ಉತ್ತಮ ನಿದರ್ಶನ ಗೇರಿನ ಬುಡದಾಚೆಯ ತರಕಾರಿ ಹಿತ್ತಲಲ್ಲಿದೆ. ಅಲಸಂಡೆ ಬಳ್ಳಿಯ ಹೂಗೊಂಚಲಿನ ತೊಟ್ಟಿನಲ್ಲಿಯೂ ಸಿಹಿ ಗ್ರಂಥಿಗಳಿವೆ. ಅಲ್ಲಿಗೆ ಇರುವೆ ಬರುತ್ತದೆ. ಅದೇ ಬಳ್ಳಿಯ ಕಾಯಿಯ ರಸ ಹೀರುವ ರಿಪ್ಟಾರ್ಟಸ್ ಎಂಬ ತಿಗಣೆಯ ಮರಿಗಳು ನೋಟಕ್ಕೂ ನಡಿಗೆಗೂ ಕಪ್ಪಿರುವೆಯಂತೆಯೇ ಇವೆ. ಬೆಳೆದು ರೆಕ್ಕೆ ಬಂದ ಮೇಲೆ ಆ ಹೋಲಿಕೆ ಇರುವುದಿಲ್ಲ. ಹಾರಲಾಗದ ವಯಸ್ಸಿಗೆ ಮಾತ್ರ ವೇಷ ಮೀಸಲಾಗಿದೆ. ಈ ವೇಷ ಮುಖ್ಯವಾಗಿ ಇರುವೆಗೆ ಅಂಜುವ ಹಕ್ಕಿ, ಜೇಡಗಳಂಥ ಬೇಟೆಗಾರರನ್ನು ದೂರವಿಡುತ್ತದೆಂದು ವಿದ್ವಾಂಸರು ಅರ್ಥೈಸುತ್ತಾರೆ.

ನಾಲ್ಕನೆಯದು ಜಾರಿಕೊಳ್ಳುವಿಕೆ. ಗೇರಿನ ಮುಖ್ಯ ಶತ್ರುವಾದ ಟೀ ಸೊಳ್ಳೆ ಈ ಬಗೆಯದು. ಹೆಸರಿನಲ್ಲಿ ಸೊಳ್ಳೆಯಾದರೂ ಇದು ತಿಗಣೆಯ ವರ್ಗಕ್ಕೆ ಸೇರಿದ ಕೀಟ. ಫ್ರೆಂಚ್ ವಿದ್ವಾಂಸ ಸಿನ್ಯೋರೆ 1858ರಲ್ಲಿ ಇದನ್ನು ಹೆಲೋಪೆಲ್ಟಿಸ್ ಆಂಟೋನಿಯೈ ಎಂದು ಹೆಸರಿಸಿದನು. ಬೇವು, ಪೇರಳೆ, ಕೋಕೋಗಳಲ್ಲೂ ಬದುಕುವ ಈ ಕೀಟದ ಎಂಜಲಿನ ವಿಷಕ್ಕೆ ಗೇರಿನ ಚಿಗುರು ಕಪ್ಪಾಗುತ್ತದೆ, ಹೂಗೊಂಚಲು ಸುಟ್ಟಂತೆ ಒಣಗುತ್ತದೆ, ಎಳೆಗಾಯಿ ಉದುರುತ್ತದೆ. ಬಾಧೆ ತೀವ್ರವಾದಾಗ ಫಸಲಿನ ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ನಷ್ಟವಾಗುವುದುಂಟು. ಈ ಕೀಟಕ್ಕೆ ಗಟ್ಟಿ ಕವಚವಿಲ್ಲ, ಗೂಡಿಲ್ಲ, ಇರುವೆಗೆ ಕೊಡಲು ಸಿಹಿಯೂ ಇಲ್ಲ. ಉದ್ದನೆಯ ಕಾಲುಗಳಿಂದ ಮರಿ ಓಡಿಹೋಗಬಲ್ಲದು, ಬೆಳೆದದ್ದು ಹಾರಿಹೋಗಬಲ್ಲದು, ಅಷ್ಟೆ. ಆದರೆ ಮೊಟ್ಟೆಯ ವಿಷಯದಲ್ಲಿ ಅದರ ಜಾಗ್ರತೆ ಬೇರೆ. ಹೆಣ್ಣು ಮೊಟ್ಟೆಯನ್ನು ಚಿಗುರುಕಾಂಡದ ಒಳಗೇ ಚುಚ್ಚಿ ಹುದುಗಿಸುತ್ತದೆ. ಕೂದಲಿನಂಥ ಎರಡು ಎಳೆಗಳು ಮಾತ್ರ ಹೊರಗೆ ಕಾಣುತ್ತವೆ.

ಈ ವಿಂಗಡಣೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇರುವೆಯ ಕಾವಲು ಕೋಟೆಯಲ್ಲ, ಜರಡಿ. ಅಡಗಿದವನನ್ನೂ ಕಪ್ಪ ಕೊಟ್ಟವನನ್ನೂ ಅದು ಬಿಟ್ಟುಬಿಡುತ್ತದೆ. ಬಯಲಲ್ಲಿ ನಿಂತು ತಿನ್ನುವವನನ್ನು ತಡೆಯುತ್ತದೆ. ಗೇರಿಗೆ ಅತಿ ಹೆಚ್ಚು ಹಾನಿ ಮಾಡುವ ಟೀ ಸೊಳ್ಳೆಯು ಬದುಕಿನ ಬಹುಪಾಲನ್ನು ಕಳೆಯುವುದು ಬಯಲಲ್ಲಿಯೇ. ಆದುದರಿಂದ ಕೆಂಜಿಗದ ಕಾವಲು ನಿಜಕ್ಕೂ ಒದಗಬಲ್ಲದ್ದು ಈ ಕೀಟದ ವಿರುದ್ಧವೇ.

ಕಾರವಾರದ ದಾಖಲೆ, ಕೊಡಗಿನ ಹಸಿಗೆ ಮರ

ಇರುವೆಯೊಡನೆ ಸಂಧಾನ ಮಾಡಿಕೊಳ್ಳುವ ಸಸ್ಯಾಹಾರಿ ಕೀಟಗಳ ಬಗ್ಗೆ ಕರ್ನಾಟಕದಿಂದ ಹೊರಟ ಆರಂಭಕಾಲದ ಮಹತ್ವದ ದಾಖಲೆಗಳು ಕಾರವಾರದವು. ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿ ಅಧಿಕಾರಿಗಳಾಗಿದ್ದ ಜೇಮ್ಸ್ ಡೇವಿಡ್‌ಸನ್, ಅರಣ್ಯ ಇಲಾಖೆಯ ಟಿ. ಆರ್. ಬೆಲ್, ಸುಂಕ ಮತ್ತು ಉಪ್ಪಿನ ಇಲಾಖೆಯ ಇ. ಎಚ್. ಐಟ್ಕಿನ್ ಈ ಮೂವರು ಉತ್ತರ ಕನ್ನಡದ ಚಿಟ್ಟೆಗಳನ್ನು ಕುರಿತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1896ರಿಂದ ಸರಣಿಯಾಗಿ ಬರೆದರು. ಸತ್ತ ಚಿಟ್ಟೆಗಳನ್ನು ಪೆಟ್ಟಿಗೆಯಲ್ಲಿ ಜೋಡಿಸುವುದಕ್ಕೆ ತೃಪ್ತರಾಗದೆ, ಮರಿಹುಳುಗಳನ್ನು ಸಾಕಿ, ಅವು ತಿನ್ನುವ ಗಿಡ ಯಾವುದು, ಅವುಗಳೊಡನೆ ಇರುವ ಇರುವೆ ಯಾವುದು ಎಂಬುದನ್ನೂ ಗುರುತಿಸಿದ್ದು ಇವರ ವಿಶೇಷ. ಬೆಲ್ ನಿವೃತ್ತಿಯ ನಂತರವೂ ಕಾರವಾರದಲ್ಲೇ ಉಳಿದು 1948ರಲ್ಲಿ ಅಲ್ಲಿಯೇ ತೀರಿಕೊಂಡರು.

ಲೈಕೇನಿಡೇ ಕುಟುಂಬದ ನೀಲಿ ಚಿಟ್ಟೆಗಳ ಮರಿಹುಳುಗಳಲ್ಲಿ ಈ ಸಂಧಾನ ಪರಾಕಾಷ್ಠೆಗೆ ಮುಟ್ಟಿದೆ. ದಪ್ಪ ಚರ್ಮ, ಒಳಗೆಳೆದುಕೊಳ್ಳಬಲ್ಲ ತಲೆ ಇವು ರಕ್ಷಣೆಗೆ; ಬೆನ್ನಿನ ಹಿಂಭಾಗದಲ್ಲಿ ಸಿಹಿ ಒಸರುವ ಗ್ರಂಥಿ ಒಲಿಸಿಕೊಳ್ಳುವುದಕ್ಕೆ. ಮತ್ತಿ ಮೊದಲಾದ ಮರಗಳ ಎಲೆ ತಿನ್ನುವ ಓಕ್‌ಬ್ಲೂ ಗುಂಪಿನ ಮರಿಹುಳುಗಳು ಕೆಂಜಿಗದ ನಡುವೆಯೇ ಬೆಳೆಯುತ್ತವೆ. ಬೇರೆ ಹುಳುಗಳಿಗೆ ಕಾಲನಾದ ಇರುವೆ ಇವಕ್ಕೆ ಅಂಗರಕ್ಷಕ. ಇದೇ ಕುಟುಂಬದ ಲಿಫೈರಾ ಬ್ರಾಸೊಲಿಸ್ ಎಂಬ ಅಪರೂಪದ ಚಿಟ್ಟೆಯ ಮರಿಹುಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಸ್ಯಾಹಾರವನ್ನೇ ಬಿಟ್ಟಿದೆ. ಆಮೆಯ ಚಿಪ್ಪಿನಂಥ ಬೆನ್ನನ್ನು ಹೊದ್ದು ಕೆಂಜಿಗದ ಗೂಡಿನೊಳಗಿದ್ದು ಇರುವೆಯ ಮರಿಗಳನ್ನೇ ತಿನ್ನುತ್ತದೆ.

ಇರುವೆಗೆ ಸಿಹಿಯ ಜೊತೆಗೆ ವಸತಿಯನ್ನೂ ಕೊಡುವ ಮರವೊಂದು ಪಶ್ಚಿಮಘಟ್ಟದಲ್ಲಿದೆ. ಅದು ಹಸಿಗೆ ಮರ. ಶಾಸ್ತ್ರೀಯವಾಗಿ ಹಂಬೋಲ್ಟಿಯಾ ಬ್ರುನೋನಿಸ್. ಇದರ ಕೆಲವು ಮರಗಳಲ್ಲಿ ರೆಂಬೆಯ ಗೆಣ್ಣುಗಳ ನಡುವಣ ಭಾಗ ಊದಿಕೊಂಡು ಟೊಳ್ಳಾಗಿ, ತಾನಾಗಿ ಬಾಗಿಲು ತೆರೆದುಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಸಂಗಡಿಗರು ಕೊಡಗು ಹಾಗೂ ದಕ್ಷಿಣದ ಕಾಡುಗಳಲ್ಲಿ ಇದನ್ನು ದೀರ್ಘಕಾಲ ಅಧ್ಯಯನ ಮಾಡಿ, 2005ರಿಂದ ಈಚೆಗೆ ಫಲಿತಾಂಶಗಳನ್ನು ಪ್ರಕಟಿಸಿದ್ದಾರೆ. ಟೊಳ್ಳುಗೆಣ್ಣುಗಳಲ್ಲಿ ವಾಸಿಸುವ ಇರುವೆಗಳೆಲ್ಲ ಮರವನ್ನು ಕಾಯುವುದಿಲ್ಲ; ಬಹುಪಾಲು ಪ್ರಭೇದಗಳು ಬಾಡಿಗೆ ಕೊಡದ ಒಕ್ಕಲುಗಳು. ಅಲ್ಲಿ ಒಂದು ಜಾತಿಯ ಎರೆಹುಳು ಮತ್ತು ಒಂಟಿ ಜೇನು ಕೂಡ ನೆಲೆಸುತ್ತವೆ. ಕಾವಲು ಎಷ್ಟು ಬಲವಾದದ್ದು ಎಂಬುದು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯನಾಯಿತೆಂಬ ಗಾದೆಯ ಅರಿವು ಇಲ್ಲಿಗೂ ಸಲ್ಲುತ್ತದೆ. ಕಾವಲಿಗೆಂದು ಇಟ್ಟ ಮನೆಯಲ್ಲಿ ಯಾರು ಬಂದು ಕೂರುತ್ತಾರೆಂಬುದು ಮರದ ಹಿಡಿತದಲ್ಲಿಲ್ಲ.

ತೋಟದಿಂದ ತೋಪಿಗೆ, ತೋಪಿನಿಂದ ವಿಷಕ್ಕೆ

ಹಿತ್ತಲಿನ ಹಾಗೂ ಪದವಿನ ಮರವಾಗಿದ್ದ ಗೇರು ಇಪ್ಪತ್ತನೆಯ ಶತಮಾನದಲ್ಲಿ ಉದ್ಯಮದ ಬೆಳೆಯಾಯಿತು. 1920ರ ದಶಕದಿಂದ ಮಂಗಳೂರಿನಲ್ಲಿ ಗೇರುಬೀಜದ ಕಾರ್ಖಾನೆಗಳು ನೆಲೆಗೊಂಡವು. 1950ರ ದಶಕದಲ್ಲಿ ಉಳ್ಳಾಲದಲ್ಲಿ ಗೇರು ಸಂಶೋಧನೆ ಆರಂಭಗೊಂಡಿತು. 1978ರಲ್ಲಿ ಮಂಗಳೂರನ್ನು ಕೇಂದ್ರವಾಗಿಸಿಕೊಂಡು ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. 1986ರಲ್ಲಿ ಪುತ್ತೂರಿನಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ ಬಂದಿತು. ಈಗ ಅದು ಗೇರು ಸಂಶೋಧನಾ ನಿರ್ದೇಶನಾಲಯ. ಗುಡ್ಡಗಳೆಲ್ಲ ಒಂದೇ ಮರದ ತೋಪುಗಳಾದಾಗ ಟೀ ಸೊಳ್ಳೆಗೆ ಒಂದೇ ಕಾಲದಲ್ಲಿ ಚಿಗುರುವ ವಿಶಾಲವಾದ ಆಹಾರಕ್ಷೇತ್ರ ದೊರಕಿತು. ಅದನ್ನು ಎದುರಿಸಲು ಆರಿಸಿಕೊಂಡ ಮಾರ್ಗ ಎಂಡೋಸಲ್ಫಾನ್.

ಕಾಸರಗೋಡು ಜಿಲ್ಲೆಯಲ್ಲಿ ಕೇರಳ ಪ್ಲಾಂಟೇಶನ್ ನಿಗಮವು ನಾಲ್ಕು ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಗೇರುತೋಪಿನ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್ ಮೂಲಕ ಈ ವಿಷವನ್ನು ಸಿಂಪಡಿಸಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಮೊದಲಾದ ಕಡೆಗಳಲ್ಲೂ ನಿಗಮದ ತೋಪುಗಳ ಮೇಲೆ ಆಕಾಶದಿಂದ ಸಿಂಪರಣೆ ನಡೆಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದ ಕನ್ನಡ, ತುಳು ಮನೆಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ನರದೌರ್ಬಲ್ಯಗಳು ಗುಂಪುಗುಂಪಾಗಿ ಕಾಣಿಸಿಕೊಂಡವು. ಕರುಗಳು ವಿಕಲಾಂಗವಾಗಿ ಹುಟ್ಟಿದ್ದನ್ನು ಮೊದಲಿಗೆ ಬರೆದು ಜಗತ್ತಿನ ಗಮನಕ್ಕೆ ತಂದವರಲ್ಲಿ ಪತ್ರಕರ್ತ ಶ್ರೀ ಪಡ್ರೆ ಒಬ್ಬರು. ಮನುಷ್ಯರ ಕಾಯಿಲೆಗಳನ್ನು ವರ್ಷಗಟ್ಟಲೆ ಗುರುತಿಸಿಟ್ಟವರು ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್. ಪೆರಿಯದ ಲೀಲಾಕುಮಾರಿ ಅಮ್ಮ ಹೂಡಿದ ದಾವೆಯಲ್ಲಿ ಹೊಸದುರ್ಗದ ನ್ಯಾಯಾಲಯ 1998ರಲ್ಲಿ ಸಿಂಪರಣೆಗೆ ತಡೆ ನೀಡಿತು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ಸಮ್ಮೇಳನ ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿತು. ಅದೇ ವರ್ಷ ಮೇ 13ರಂದು ಭಾರತದ ಸರ್ವೋಚ್ಚ ನ್ಯಾಯಾಲಯ ಅದರ ಉತ್ಪಾದನೆ, ಮಾರಾಟ, ಬಳಕೆಗಳಿಗೆ ತಡೆಯಾಜ್ಞೆ ನೀಡಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು.

ಈ ದುರಂತದ ಮಾನವೀಯ ಆಯಾಮ ಬಹಳಷ್ಟು ಚರ್ಚೆಗೊಳಗಾಗಿದೆ. ಅದರ ಮೂಲದಲ್ಲಿದ್ದ ಕೀಟದ ಉಪಾಯ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಎಂಡೋಸಲ್ಫಾನ್ ಮೈಗೆ ತಗುಲಿ ಅಥವಾ ಹೊಟ್ಟೆಗೆ ಸೇರಿ ಕೊಲ್ಲುವ ವಿಷ. ಚಿಗುರಿನೊಳಗೆ ಹುದುಗಿದ ಮೊಟ್ಟೆಗೆ ಅದು ಸುಲಭವಾಗಿ ತಲುಪದು. ಇರುವೆಯಿಂದ ಸಂತಾನವನ್ನು ಕಾಪಾಡಿಕೊಳ್ಳಲು ಟೀ ಸೊಳ್ಳೆಗೆ ಒದಗಿಬಂದ ಅಡಗುತಾಣವೇ ವಿಷದಿಂದಲೂ ಅದನ್ನು ಕಾಪಾಡಿತು. ಇತ್ತ ಮರದ ಮೇಲೆ ತಿರುಗಾಡುವ ಇರುವೆಗೆ ಅಂಥ ಆಶ್ರಯವಿಲ್ಲ; ಆಕಾಶದಿಂದ ಬಿದ್ದ ವಿಷಕ್ಕೆ ಕಳ್ಳ ಯಾರು, ಕಾವಲುಗಾರ ಯಾರು ಎಂಬ ಭೇದವೂ ಇಲ್ಲ. ಮೊಟ್ಟೆಯೊಡೆದು ಹೊರಬಂದ ಮರಿಗಳನ್ನು ಎದುರುಗೊಳ್ಳಲು ಕಾವಲು ಕುಂದಿದ ಮರ ಮಾತ್ರ ಉಳಿಯುತ್ತದೆ. ಋತುವೊಂದರಲ್ಲಿ ಎರಡು ಮೂರು ಬಾರಿ ಸಿಂಪರಣೆ ನಡೆಯಬೇಕಾದುದರ ಹಿಂದಿನ ಕಾರಣಗಳಲ್ಲಿ ಇದೂ ಒಂದೆಂದು ತಿಳಿಯಬೇಕಾಗುತ್ತದೆ.

ಮರಳಿ ಇರುವೆಯತ್ತ

ಆಕಾಶದ ಸಿಂಪರಣೆಗೆ ಇಲ್ಲಿ ವಿರೋಧ ಬಲಗೊಳ್ಳುತ್ತಿದ್ದ 1990ರ ದಶಕದಲ್ಲಿಯೇ ಉತ್ತರ ಆಸ್ಟ್ರೇಲಿಯಾದಲ್ಲಿ ರೆಂಕಾಂಗ್ ಪೆಂಗ್ ಮತ್ತು ಕೀತ್ ಕ್ರಿಶ್ಚಿಯನ್ ಗೇರುತೋಟಗಳಲ್ಲಿ ಇದೇ ನೇಕಾರ ಇರುವೆಯನ್ನು ನೆಲೆಗೊಳಿಸಿ, ಟೀ ಸೊಳ್ಳೆಯ ಹತ್ತಿರದ ಸಂಬಂಧಿಯಾದ ಹೆಲೋಪೆಲ್ಟಿಸ್ ಕೀಟದ ಬಾಧೆಯನ್ನು ಹತೋಟಿಗೆ ತರಬಹುದೆಂದು ತೋರಿಸಿದರು. ಆಫ್ರಿಕಾದ ಗೇರು ನಾಡುಗಳಲ್ಲೂ ಅಲ್ಲಿನ ನೇಕಾರ ಇರುವೆಯೊಡನೆ ಇಂಥ ಪ್ರಯತ್ನಗಳಾಗಿವೆ. ಪುತ್ತೂರಿನ ಸಂಶೋಧಕರೂ ಗೇರುತೋಟದ ಇರುವೆಗಳನ್ನು ಮತ್ತು ಟೀ ಸೊಳ್ಳೆಯೊಡನೆ ಅವುಗಳ ಸಂಬಂಧವನ್ನು ಅಧ್ಯಯನ ಮಾಡಿದ್ದಾರೆ.

ಆದರೆ ಇರುವೆಯನ್ನು ಸರ್ವರೋಗ ನಿವಾರಕವೆಂದು ಕೊಂಡಾಡುವುದೂ ಚರಿತ್ರೆಗೆ ಬಗೆವ ಅಪಚಾರವಾದೀತು. ಕೆಂಜಿಗ ಹಿಟ್ಟುತಿಗಣೆಯನ್ನು ಸಾಕುತ್ತದೆ. ಕಾಂಡಕೊರಕವನ್ನು ತಡೆಯಲಾರದು. ಕೊಯ್ಲಿನವರನ್ನು ಕಚ್ಚುತ್ತದೆ. ಒಂದು ಇರುವೆ ಸಮೂಹ ಇನ್ನೊಂದರೊಡನೆ ಗಡಿಕಾಳಗ ಮಾಡುವುದರಿಂದ ತೋಟದ ಎಲ್ಲ ಮರಗಳಿಗೂ ಕಾವಲು ಸಮನಾಗಿ ಹಂಚಿಹೋಗುವುದಿಲ್ಲ. ಆದಕಾರಣವೇ ಚಿಗುರು, ಹೂ, ಕಾಯಿಯ ಹಂತಗಳಲ್ಲಿ ಬಾಧೆ ನೋಡಿಕೊಂಡು ಔಷಧಿ ಹೊಡೆಯುವ ಕ್ರಮ ಗೇರುಕೃಷಿಯಲ್ಲಿ ಇಂದಿಗೂ ಇದೆ. ಇರುವೆಗೂಡು ಇರುವ ಮರ ಯಾವುದು, ಇಲ್ಲದ ಮರ ಯಾವುದು ಎಂದು ನೋಡಿ ನಡೆಯುವ ವಿವೇಕಕ್ಕೂ ಗುಡ್ಡವನ್ನಿಡೀ ಒಂದೇ ಎಂದು ಬಗೆದು ವಿಷ ಸುರಿಯುವುದಕ್ಕೂ ನಡುವಿನ ಅಂತರ ಮಾತ್ರ ದೊಡ್ಡದು.

ಉಪಸಂಹಾರ

ಒಟ್ಟಿನಲ್ಲಿ, ಕರಾವಳ���ಯ ಗೇರುಮರದ ಚರಿತ್ರೆಯು ಮನುಷ್ಯರದ್ದು ಮಾತ್ರವಲ್ಲ. ನಾಲ್ಕೂವರೆ ಶತಮಾನಗಳ ಅವಧಿಯಲ್ಲಿ ಪರದೇಶದ ಮರ, ಸ್ವದೇಶದ ಇರುವೆ ಮತ್ತು ಇರುವೆಯನ್ನು ಜಾರಿಸಿ, ಒಲಿಸಿ, ಮರೆಸಿ ಬದುಕುವ ಕೀಟಗಳ ನಡುವೆ ಒಂದು ಹೊಂದಾಣಿಕೆ ಏರ್ಪಟ್ಟಿತ್ತು. ಅದು ಪೂರ್ಣವಾದ ಕಾವಲಲ್ಲ, ಆದರೆ ಕಾವಲೇ ಇಲ್ಲದ ಸ್ಥಿತಿಯೂ ಅಲ್ಲ. ಒಂದೆರಡು ದಶಕಗಳ ಸಿಂಪರಣೆಯು ಆ ಹೊಂದಾಣಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ; ಅದರ ಬೆಲೆಯನ್ನು ಪಡ್ರೆಯ, ಕೊಕ್ಕಡದ ಮನೆಗಳು ಇಂದಿಗೂ ತೆರುತ್ತಿವೆ. ಚಗಳಿಯ ರುಚಿ, ಕೆಂಜಿಗದ ಬಣ್ಣ, ಅದರ ಕಡಿತ ಇವು ಜಾನಪದ ಸಂಗ್ರಹಗಳಿಗೆ ಬಂದಂತೆ, ಇರುವೆಗೂಡಿರುವ ಮರದ ಫಸಲಿನ ಬಗ್ಗೆ ಬೀಜ ಕೊಯ್ಯುವವರು ಬಲ್ಲ ಸಂಗತಿಗಳೂ ಬರಬೇಕಾಗಿದೆ. ಶಕ್ತಿನಗರದಂಥ ಬಡಾವಣೆಗಳಲ್ಲಿ ಪದವು ಮನೆಗಳ ಸಾಲಾಗಿ ಬದಲಾಗುತ್ತಿರುವಾಗ, ಮರದೊಡನೆ ಆ ತಿಳಿವಳಿಕೆಯೂ ಮರೆಯಾಗುವ ಮುನ್ನ ಅದನ್ನು ಕೇಳಿ ಬರೆದಿಡುವ ಕಾರ್ಯ ಕ್ಷೇತ್ರಾಧ್ಯಯನಕಾರರ ಮುಂದಿದೆ.